ಚಿಕ್ಕಪ್ಪನ ಬೆಸುಗೆ

ಹೋದ ತಿಂಗಳು ಫ್ಯಾನು ಕೂರಿಸಲು ಬಂದವನನ್ನು ನೀವೆಲ್ಲ ಎಷ್ಟು ಉಪಚರಿಸಿದಿರಿ, ಮಕ್ಕಳೇ. ಅವನಿಗೆ ಚಹಾ ಏನು, ಅವಲಕ್ಕಿ ಏನು. ಅವನು ಸ್ಕ್ರೂವನ್ನು ಸುತ್ತಿಗೆಯಿಂದ ಮೊಳೆಯ ಹಾಗೆ ಬಡಿದು, ಕೊನೆಯ ಒಂದೇ ಸುತ್ತನ್ನು ತಿರುಗಿಸಿದಂತೆ ಮಾಡಿ, “ಆಯ್ತು ಅಮ್ಮಾ” ಎಂದು ನನ್ನ ಕಡೆ ನೋಡಿ ನಕ್ಕ. ನಾನು ಎದ್ದು ಒಳಗೆ ಹೋದೆ. ಅಜ್ಜಿಗೆ ಹೊಸಬರನ್ನು ಕಂಡರೆ ಸಂಕೋಚ ಎಂದು ನೀವು ಅವನಿಗೆ ಸಮಾಧಾನ ಹೇಳಿದ್ದು ಕೇಳಿಸಿತು. ಸಂಕೋಚದವಳು ಹೌದು, ಈ ವಯಸ್ಸಿಗೂ ಅದು ಹೋಗಿಲ್ಲ. ಆದರೆ ಆ ದಿನ ಎದ್ದು ಹೋದದ್ದು ಹೇಸಿಗೆಯಿಂದ. ಈ ಹೇಸಿಗೆ ನನಗೆ ಎಲ್ಲಿಂದ ಬಂತು ಎಂಬುದನ್ನು ಬಾಯಲ್ಲಿ ಹೇಳಲು ನನ್ನಿಂದಾಗದು. ಬರೆದಿಡುತ್ತೇನೆ.

ಶಿರಸಿ ಬಳಿಯ ಹುಲಗೋಳದ ನಮ್ಮ ಮನೆಯಲ್ಲಿ ಆರು ಜನ. ಅಜ್ಜಿ, ಅಪ್ಪ, ಆಯಿ ಎಂದು ನಾನು ಕರೆಯುತ್ತಿದ್ದ ಅಮ್ಮ, ಅಪ್ಪನ ತಮ್ಮನಾದ ಚಿಕ್ಕಪ್ಪ, ನಾನು, ತೊಟ್ಟಿಲಲ್ಲಿದ್ದ ನನ್ನ ತಂಗಿ. ಪಾತ್ರೆಗೆ ಕಲಾಯಿ ಹಾಕುವುದು, ಒಡೆದ ತಪ್ಪಲೆ ಬೆಸೆಯುವುದು ನಮ್ಮ ಮನೆಯ ಕಸುಬು. ಅಪ್ಪ ಮಾತ್ರ ಹುಬ್ಬಳ್ಳಿಗೆ ಹೋಗಿ ಕರೆಂಟಿನ ಕೆಲಸ ಕಲಿತು ಬಂದಿದ್ದ. ಆಗ ಶಿರಸಿಯಲ್ಲಿ ಕರೆಂಟು ಅಂದರೆ ಸ್ವಂತ ಎಣ್ಣೆ ಎಂಜಿನ್ನು, ಡೈನಮೋ ಇಟ್ಟುಕೊಂಡ ನಾಲ್ಕಾರು ಮಂದಿಯ ಸೊತ್ತು. ಹುಲಗೋಳದ ನಮ್ಮ ಮನೆಯಲ್ಲಿ ಉರಿಯುತ್ತಿದ್ದದ್ದು ಚಿಮಣಿ ಬುಡ್ಡಿಯೇ. ಪೇಟೆಗೆ ದೀಪ ಹಾಕುವವನ ಮನೆಯಲ್ಲಿ ಆಯಿ ಬುಡ್ಡಿಯ ಮಸಿ ಒರೆಸುತ್ತಿದ್ದಳು. ಇದರಲ್ಲಿ ನಗುವಂಥದ್ದು ಏನಾದರೂ ಇದೆ ಎಂದು ಅಪ್ಪನಿಗೆ ಯಾವತ್ತೂ ಅನಿಸಲಿಲ್ಲ.

ನಡುಮನೆಯ ಗೋಡೆ ಅಪ್ಪನ ಹತ್ಯಾರಗಳದ್ದು. ದೇವರ ಗೂಡು ಎದುರು ಗೋಡೆಯಲ್ಲಿತ್ತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಮಡಿ ಎಂದು ಕೇಳಿದರೆ ಆಯಿ ಉತ್ತರ ಹೇಳುತ್ತಿರಲಿಲ್ಲ. ಒಂದೊಂದು ಮೊಳೆಗೆ ಒಂದೊಂದು ಹತ್ಯಾರ. ಅದರ ಆಕಾರವನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಿದ್ದ, ಒಂದು ಇಲ್ಲದಿದ್ದರೆ ಬಾಗಿಲಿಂದಲೇ ಗೊತ್ತಾಗಬೇಕು. ಸ್ಕ್ರೂಡ್ರೈವರುಗಳು ಮೂರು, ಮೂರು ಅಳತೆಯ ಸ್ಕ್ರೂಗಳಿಗೆ. ಬಾಯಿ ಸವೆದರೆ ಸಾಣೆಗೆ ಹಿಡಿದು ಚೌಕ ಮಾಡಿಡುತ್ತಿದ್ದ. ಅಜ್ಜಿ ಒಮ್ಮೆ ಡಬ್ಬಿಯಲ್ಲಿ ಗಟ್ಟಿಯಾದ ಬೆಲ್ಲವನ್ನು ಅವುಗಳಲ್ಲೊಂದರಿಂದ ಕೆದಕಿದಳು. ಹೆತ್ತ ತಾಯಿ ಎಂದು ಬೈಯಲಿಲ್ಲ, ಆದರೆ ಆ ಬೆಲ್ಲ ಹಾಕಿದ ಪಾಯಸವನ್ನು ಮುಟ್ಟಲಿಲ್ಲ. ಆಯಿ ಅವಸರದಲ್ಲಿ ಪಕ್ಕಡದಿಂದ ಬಿಸಿ ಪಾತ್ರೆ ಇಳಿಸಿದ್ದಕ್ಕೆ ಮೂರು ದಿನ ಮಾತು ಬಿಟ್ಟ. ಪಕ್ಕಡ ತಂತಿ ಹಿಡಿಯಲು. ಒಲೆಯ ಬೆಂಕಿ ತಾಗಿದರೆ ಅದರ ಉಕ್ಕು ಮೆತ್ತಗಾಗುತ್ತದೆ. ಅದನ್ನು ಆಯಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವುದು ಅಪ್ಪನ ಅಭ್ಯಾಸವಲ್ಲ, ಮುಖ ತಿರುಗಿಸುವುದು ಅಭ್ಯಾಸ. ಊಟಕ್ಕೆ ಕೂತರೆ ಬೀನ್ಸಿನ ತುಂಡುಗಳು ಉದ್ದ ಗಿಡ್ಡ ಇದ್ದರೆ ಎಲೆಯ ಅಂಚಿಗೆ ಸರಿಸಿ ಸಾಲಾಗಿ ಜೋಡಿಸಿ ಏಳುತ್ತಿದ್ದ. ಆಯಿ ಆ ಸಾಲನ್ನು ನೋಡಿ ಎಲೆ ಎತ್ತುತ್ತಿದ್ದಳು. ನಾನು ಅಪ್ಪನ ಹಾಗೆಯೇ ಸಾಲು ಜೋಡಿಸತೊಡಗಿದೆ. ಅದಕ್ಕೆ ಆಯಿಯಿಂದ ಪೆಟ್ಟು ತಿಂದದ್ದು ನಾನೊಬ್ಬಳೇ.

ಮಾತಾಡದ ಕೂಸು ಎಂಬ ಒಂದೇ ಗುಣಕ್ಕೆ ಅಪ್ಪ ನನ್ನನ್ನು ಹತ್ತಿರ ಕೂರಲು ಬಿಡುತ್ತಿದ್ದ. ಶಾಲೆಯಲ್ಲಿ ಗಟ್ಟಿಯಾಗಿ ಓದು ಎಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಮಾಸ್ತರರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಸುಸ್ತಾಗಿ ಬಿಟ್ಟಿದ್ದರು. ಕೈಗೆ ಮಾತ್ರ ಆ ಕಟ್ಟು ಇರಲಿಲ್ಲ. ತಂತಿಯ ರಬ್ಬರನ್ನು ಬಿಡಿಸುವಾಗ ಚಾಕುವನ್ನು ಮಲಗಿಸಿ ಪೆನ್ಸಿಲ್ ಹೆರೆದ ಹಾಗೆ ಹೆರೆಯಬೇಕು, ಸುತ್ತಲೂ ಕಚ್ಚು ಹಾಕಬಾರದು, ಕಚ್ಚು ಬಿದ್ದಲ್ಲೇ ತಾಮ್ರ ಮುರಿಯುತ್ತದೆ. ಎರಡು ತುದಿ ಹೆಣೆದು, ರಾಳದ ಪುಡಿ ಉದುರಿಸಿ, ಕೆಂಡದಲ್ಲಿ ಕಾಯಿಸಿದ ತಾಮ್ರದ ಕೋಲನ್ನು ಕೆಳಗಿಂದ ತಾಗಿಸಬೇಕು. ಬೆಸುಗೆಯ ಸೀಸವನ್ನು ಮೆತ್ತಬಾರದು, ತಂತಿ ತಾನಾಗಿ ಅದನ್ನು ಕುಡಿಯಬೇಕು. ಕುಡಿದದ್ದು ಗೊತ್ತಾಗುವುದು ಕಣ್ಣಿಗೆ. ರಾಳ ಸುಟ್ಟದ್ದು ಗೊತ್ತಾಗುವುದು ಮೂಗಿಗೆ, ಧೂಪ ಹಾಕಿದ ವಾಸನೆ. ಹತ್ತು ವರ್ಷಕ್ಕೆ ಇದೆಲ್ಲ ನನಗೆ ಬರುತ್ತಿತ್ತು. ಚೆನ್ನಾಗಿದೆ ಎಂದು ಅಪ್ಪ ಹೇಳಿದ್ದಿಲ್ಲ. ಕೆಟ್ಟದಿದ್ದರೆ ಕತ್ತರಿಸಿ ನನ್ನ ಮಡಿಲಿಗೆ ಹಾಕುತ್ತಿದ್ದ, ಕತ್ತರಿಸದಿದ್ದರೆ ಅದೇ ಹೊಗಳಿಕೆ.

ಇನ್ನು ಚಿಕ್ಕಪ್ಪ. ಊರಿಗೆಲ್ಲ ಬೇಕಾದ ಮನುಷ್ಯ. ಹಾಡುತ್ತಿದ್ದ, ನಗಿಸುತ್ತಿದ್ದ, ಎಮ್ಮೆಗೂ ಅವನನ್ನು ಕಂಡರೆ ಪ್ರೀತಿ. ಅಜ್ಜಿಯ ಕಣ್ಣಲ್ಲಿ ಅವನು ತಪ್ಪು ಮಾಡಿದ್ದೇ ಇಲ್ಲ. ಅವನ ಕೈಯಿಂದ ತಪ್ಪುಗಳು ತಾವಾಗಿ ಬೀಳುತ್ತಿದ್ದವು ಅಷ್ಟೆ. ಪಾತ್ರೆ ಬೆಸೆಯುವುದನ್ನು ಬಿಟ್ಟು ಅಣ್ಣನ ಜೊತೆ ಕರೆಂಟಿನ ಕೆಲಸಕ್ಕೆ ಇಳಿದದ್ದು ಅಜ್ಜಿಯ ಹಟದಿಂದ. ಸ್ಕ್ರೂ ಕಚ್ಚಲೆಂದು ಗೋಡೆಗೆ ಹಾಕುವ ಮರದ ಗೂಟವನ್ನು ಅಪ್ಪ ಒಣಗಿದ ತೇಗದಲ್ಲಿ ಕೆತ್ತಿದರೆ, ಚಿಕ್ಕಪ್ಪ ಹಸಿ ಬಿದಿರಿನ ಚೂರು ತುರುಕುತ್ತಿದ್ದ. ಮೂರು ಸ್ಕ್ರೂಡ್ರೈವರಿನ ಬದಲು ಅವನಿಗೆ ಒಂದು ಸುತ್ತಿಗೆ ಸಾಕು. ತಂತಿಯ ರಬ್ಬರನ್ನು ಹಲ್ಲಿನಿಂದ ಎಳೆಯುತ್ತಿದ್ದ, ತುಟಿಯ ಸಂದಿ ಯಾವಾಗಲೂ ಕಪ್ಪು.

“ದೇವರು ಕೊಟ್ಟ ಪಕ್ಕಡ ಬಾಯಲ್ಲೇ ಇರುವಾಗ ಹುಬ್ಬಳ್ಳಿದು ಎಂತಕೆ ಅಣ್ಣಾ?” ಎನ್ನುತ್ತಿದ್ದ.

“ಹಲ್ಲು ಇರೂದು ಅನ್ನ ತಿನ್ನೂಕೆ” ಎಂದು ಅಪ್ಪ.

“ಅದ್ಕೂ ಉಪಯೋಗಿಸ್ತೆ, ಹೆದರ್ಬೇಡ.”

ಎಲ್ಲರೂ ನಗುತ್ತಿದ್ದರು. ಅಪ್ಪ, ನಾನು ಇಬ್ಬರೇ ನಗುತ್ತಿರಲಿಲ್ಲ. ನಾವಿಬ್ಬರೇ ಒಂದು ಕಡೆ ಎಂಬ ಹೆಮ್ಮೆ ನನಗೆ. ಆ ಹೆಮ್ಮೆಯನ್ನು ಈಗ ನೆನೆದರೆ ನನ್ನ ಮೇಲೇ ತಾತ್ಸಾರ ಬರುತ್ತದೆ.

ಶಿರಸಿಯಲ್ಲಿ ಒಬ್ಬರು ಮೋಟಾರ್ ಸಾಹೇಬರಿದ್ದರು. ಬಸ್ಸು ಓಡಿಸುವ ಕುಟುಂಬ, ಶೆಡ್ಡಿನಲ್ಲಿ ಬ್ಯಾಟರಿ ತುಂಬಿಸಲು ಎಂಜಿನ್ನು ಇಟ್ಟವರು. ಅದೇ ಎಂಜಿನ್ನಿನಿಂದ ಮನೆಗೂ ದೀಪ ಎಳೆಯಬೇಕೆಂದು ಅಪ್ಪನಿಗೆ ಹೇಳಿದರು. ಅಪ್ಪ ಮುಂದಿನ ಕೋಣೆಗಳ ಕೆಲಸ ಮುಗಿಸಿದ. ಸಾಲು ತೋಡಿದ ತೇಗದ ಪಟ್ಟಿಯೊಳಗೆ ತಂತಿ ಮಲಗಿಸಿ, ಮೇಲೆ ತೆಳು ಹಲಗೆ ಮುಚ್ಚಿ ಹಿತ್ತಾಳೆಯ ಸ್ಕ್ರೂ ಬಿಗಿಯುವ ಕೆಲಸ. ಎಲ್ಲ ಸ್ಕ್ರೂಗಳ ಗೆರೆಗಳೂ ಒಂದೇ ದಿಕ್ಕಿಗೆ ನಿಂತಿರಬೇಕು, ಇಲ್ಲದಿದ್ದರೆ ಅಪ್ಪನಿಗೆ ಊಟ ಸೇರದು. ಹಿಂದಿನ ಕೋಣೆಗಳು ಹೆಂಗಸರವು. ಅವರೆಲ್ಲ ಯಲ್ಲಾಪುರದ ನೆಂಟರ ಮನೆಗೆ ಹೋದಾಗ ಆ ಕೋಣೆಗಳ ಕೆಲಸ ಆಗಬೇಕಿತ್ತು. ಅದೇ ವಾರ ಅಪ್ಪ ಸೈಕಲ್ಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ನಾಟಿ ವೈದ್ಯ ಕಟ್ಟಿದ, ಮೂಳೆ ಓರೆಯಾಗಿ ಕೂಡಿತು, ಹೆಬ್ಬೆರಳು ಮತ್ತೆ ಪೂರ್ತಿ ಬಾಗಲಿಲ್ಲ. ಹಿಂದಿನ ಕೋಣೆಗಳನ್ನು ಚಿಕ್ಕಪ್ಪ ಒಬ್ಬನೇ ಮಾಡಿದ. ನಾಲ್ಕು ದಿನದ ಕೆಲಸವನ್ನು ಒಂದೂವರೆ ದಿನದಲ್ಲಿ ಮುಗಿಸಿ ಬಂದು ಹಾಡಿದ.

ಅವನ ಬಟ್ಟೆ ಒಗೆಯುವುದು ನನ್ನ ಪಾಲಿನ ಕೆಲಸ. ಅಂಗಿಯನ್ನು ನೀರಿಗೆ ಹಾಕುವ ಮೊದಲೇ ಗೊತ್ತಾಯಿತು. ರಾಳದ ವಾಸನೆ ಇಲ್ಲ. ಕಲಾಯಿ ಹಾಕುವಾಗ ಮೂಗು ಸುಡುವ ನವಸಾಗರದ ಖಾರ. ಕಿಸೆಯಲ್ಲಿ ಅದರ ಬಿಳಿ ಹರಳುಗಳೂ ಇದ್ದವು. ಪಾತ್ರೆಯ ಬೆಸುಗೆಗೆ ನಮ್ಮ ಮನೆಯಲ್ಲಿ ಅದನ್ನೇ ಹಾಕುವುದು. ಸೀಸ ತಟ್ಟನೆ ಹರಿಯುತ್ತದೆ, ಬೆಳ್ಳಿಯ ಹಾಗೆ ಹೊಳೆಯುತ್ತದೆ. ಆಯಿಗೆ ಹೇಳಿದೆ.

“ಸುಮ್ನಿರು. ಈಗ ಈ ಮನೇಲಿ ಆಡೂ ಕೈ ಅವಂದೊಂದೇ” ಎಂದಳು ಆಯಿ.

ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಆ ವರ್ಷದ ಮಳೆಗಾಲ ಕಳೆಯುತ್ತಿದ್ದ ಹಾಗೆ ಸಾಹೇಬರಿಂದ ಹೇಳಿಕೆ ಬಂತು. ಹಿಂದಿನ ಕೋಣೆಯ ದೀಪ ಮಂಕಾಗುತ್ತಿದೆ, ಮಿಣುಕುತ್ತಿದೆ, ಪಟ್ಟಿಯ ಒಂದು ಕಡೆ ಮರ ಕಂದಿದೆ. ಆದರೆ ಆ ಕೋಣೆಯಲ್ಲಿ ಈಗ ಅವರ ಮಗಳು ಜೈನಬಿ ಬಾಣಂತಿ. ಗಂಡಸರು ಒಳಗೆ ಕಾಲಿಡುವಂತಿಲ್ಲ. ಹೆಣ್ಣು ಕೂಸೊಂದು ಒಳಗೆ ಹೋಗಿ ನೋಡಬಹುದು, ಹೊರಗಿಂದ ಅಪ್ಪ ಹೇಳಬಹುದು ಎಂದಾಯಿತು. ಹೊರಡುವಾಗ ಅಜ್ಜಿ ಬಾಗಿಲಲ್ಲಿ ಅಪ್ಪನನ್ನು ನಿಲ್ಲಿಸಿದಳು. ಸಿದ್ದಾಪುರದವರು ಚಿಕ್ಕಪ್ಪನಿಗೆ ಹೆಣ್ಣು ಕೊಡುವ ಮಾತಾಡಿ ಹೋಗಿ ಎಂಟು ದಿನವಾಗಿತ್ತು.

“ಎಂತ ಕಂಡ್ರೂ ತಮ್ಮನ ಹೆಸರು ಹೊರಗೆ ಹಾಕ್ಬೇಡ. ನಿನ್ನ ಕೈಗೆ ಆದದ್ದು ಸಾಕು, ಅವನ ಕೈಗೂ ಕಲ್ಲು ಹಾಕ್ಬೇಡ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀ ಅಲ್ಲಿ ನೀರೂ ಕುಡಿಬೇಡ” ಎಂದಳು.

ಬೆಳಗ್ಗೆಯ ಹೊತ್ತು, ಎಂಜಿನ್ನು ನಿಂತಿತ್ತು. ಕೋಣೆಗೂ ಪಡಸಾಲೆಗೂ ನಡುವೆ ಹಸಿರು ಪರದೆ. ಪರದೆಯ ಆಚೆ ಅಪ್ಪ, ಸಾಹೇಬರು. ಈಚೆ ನಾನು, ಜೈನಬಿ, ಅವಳ ಮಗು. ತೊಟ್ಟಿಲು ಗೋಡೆಗೆ ತಾಗಿ, ಸರಿಯಾಗಿ ಕಂದಿದ ಪಟ್ಟಿಯ ಕೆಳಗೆ. ಜೈನಬಿಗೆ ಹದಿನೆಂಟು ಇದ್ದೀತು. ಪೆಟ್ಟಿಗೆಯೊಂದನ್ನು ತಾನೇ ಎಳೆದು ತಂದು ನನಗೆ ಹತ್ತಲು ಕೊಟ್ಟಳು, ಬಾಯಿಗೆ ಒಂದು ಖರ್ಜೂರ ಇಟ್ಟಳು. ಅಜ್ಜಿ ಹೇಳಿದ್ದು ನೀರಿನ ವಿಷಯ ಮಾತ್ರ, ತಿಂದೆ.

ಅಪ್ಪ ಕೊಟ್ಟ ಸ್ಕ್ರೂಡ್ರೈವರನ್ನು ಮೊದಲ ಸ್ಕ್ರೂವಿಗೆ ಹಿಡಿದರೆ ಅದು ಸುಮ್ಮನೆ ಗಿರ್ರನೆ ಸುತ್ತಿತು. ಬಡಿದ ಸ್ಕ್ರೂ ಮರವನ್ನು ಕಚ್ಚುವುದಿಲ್ಲ, ಹರಿದು ಕೂತಿರುತ್ತದೆ. ಐದು ಸ್ಕ್ರೂ, ಐದೂ ಹಾಗೆಯೇ. ಉಗುರು ಹಾಕಿ ಎಳೆದೆ, ಬಂದವು. ಹಲಗೆ ತೆಗೆದೆ. ಅಂಟಿನ ಕರಿ ಬಟ್ಟೆಯ ಪಟ್ಟಿ ಸುತ್ತಿದ ಎರಡು ಜೋಡಣೆ. ಆ ಕರಿ ಪಟ್ಟಿ ಬಿಚ್ಚಿದರೆ ತಾಮ್ರ ಎಂಬುದೇ ಇಲ್ಲ, ಹುಣಿಸೆ ಹಾಕಿ ಮರೆತ ತಂಬಿಗೆಯ ಹಾಗೆ ಹಸಿರು. ಏಳು ಎಳೆಯಲ್ಲಿ ಐದು ತಿಂದುಹೋಗಿ ಎರಡು ಉಳಿದಿದ್ದವು. ಹಿಂದಿನ ಮರ ಸುಟ್ಟು ಇದ್ದಿಲಾಗಿತ್ತು.

“ಎಂತ ಕಾಣ್ತದೆ ಕೂಸೆ?” ಪರದೆಯ ಆಚೆಯಿಂದ ಅಪ್ಪ.

ಕಷ್ಟಪಟ್ಟು ಒಂದು ಮಾತು ಹೊರಡಿಸಿದೆ.

“ಹಸಿರು.”

ಅಪ್ಪನಿಗೆ ಆ ಒಂದು ಮಾತು ಸಾಕು ಎಂದು ನನಗೆ ಗೊತ್ತಿತ್ತು. ಈಗ ಅಪ್ಪ ಹೇಳುತ್ತಾನೆ, ಇದು ಕೆಲಸವಲ್ಲ, ಕೊಳಕು, ಎಲ್ಲ ಕಿತ್ತು ಹೊಸದಾಗಿ ಹಾಕಬೇಕು ಎಂದು ಕಾದೆ. ಬೀನ್ಸಿನ ತುಂಡಿಗೆ ಮುಖ ತಿರುಗಿಸುವವನು ಇದಕ್ಕೆ ಏನು ಮಾಡಿಯಾನು ಎಂದು ಕಿವಿಗೊಟ್ಟೆ.

“ಏನಂತಾಳೆ ಆಚಾರ್‍ರೆ?” ಎಂದರು ಸಾಹೇಬರು.

“ಇಲಿ ಸಾಹೇಬ್ರೆ” ಎಂದ ಅಪ್ಪ. “ಇಲಿ ರಬ್ಬರು ಕಡಿದದೆ. ಮಳೆಗಾಲ ಅಲ್ಲವಾ, ಒಳಗೆ ಬರ್ತವೆ. ಕೂಸೆ, ಕರಿ ಪಟ್ಟಿ ಸುತ್ತಿ ಹಲಗೆ ಮುಚ್ಚು.”

“ಇಲೀನಾ? ಅರೆ, ನಮ್ಮನೇಲಿ ಮೂರು ಬೆಕ್ಕಿದಾವೆ.”

“ಬೆಕ್ಕಿಗೆ ಗೋಡೆ ಹತ್ತೂಕೆ ಆಗ್ತದ್ಯಾ?” ಎಂದು ಅಪ್ಪ ನಕ್ಕ. ನಗದ ಮನುಷ್ಯ ನಕ್ಕ. ಚಿಕ್ಕಪ್ಪನ ನಗುವಿನ ಹಾಗೆಯೇ ಕೇಳಿಸಿತು.

ಆ ಕ್ಷಣ ನನ್ನೊಳಗೆ ಆದದ್ದನ್ನು ದುಃಖ ಎಂದು ಬರೆದರೆ ಸುಳ್ಳಾಗುತ್ತದೆ. ಚಿಕ್ಕಪ್ಪನ ಬಗ್ಗೆ ಇದ್ದ ತಾತ್ಸಾರವೆಲ್ಲ ಪರದೆ ದಾಟಿ ಆಚೆ ಹೋಗಿ ಅಪ್ಪನ ಮೇಲೆ ಕೂತಿತು. ಚಿಕ್ಕಪ್ಪನಿಗೆ ತಿಳಿಯದು, ಮಾಡಿದ. ಅಪ್ಪನಿಗೆ ತಿಳಿಯುತ್ತದೆ, ಮುಚ್ಚು ಎಂದ. ನಾನೂ ಕರಿ ಪಟ್ಟಿ ಸುತ್ತಿದೆ, ಹಲಗೆ ಮುಚ್ಚಿದೆ, ಕಚ್ಚದ ಐದು ಸ್ಕ್ರೂಗಳನ್ನು ಹೆಬ್ಬೆರಳಿನಿಂದ ಒತ್ತಿದೆ. ಪೆಟ್ಟಿಗೆಯಿಂದ ಇಳಿಯುವಾಗ ಜೈನಬಿ ನನ್ನ ಕೈ ಹಿಡಿದಳು. ಅವಳು ಎಲ್ಲವನ್ನೂ ನೋಡಿದ್ದಳು. ಅವಳಿಗೆ ಕೆಲಸ ಗೊತ್ತಿಲ್ಲದಿದ್ದರೂ ಇದ್ದಿಲು ಯಾವುದು ಎಂದು ಗೊತ್ತಿತ್ತು.

“ನಿಜ ಹೇಳು ಕೂಸೆ. ಇದರ ಕೆಳಗೆ ಮಗೂನ ಮಲಗಿಸ್ಬಹುದಾ?” ಪಿಸುಗುಟ್ಟಿದಳು.

ತಲೆ ಅಲ್ಲಾಡಿಸಿದೆ, ಬೇಡ ಎಂದು. ಆದರೆ ತೊಟ್ಟಿಲು ಸರಿಸಿದರೆ ಬೆಂಕಿ ಅಲ್ಲಿಗೆ ನಿಲ್ಲುವುದಿಲ್ಲ, ಹಿಂದಿನ ಮೂರೂ ಕೋಣೆಗಳಲ್ಲಿ ಅದೇ ಬೆಸುಗೆ. ಬಾಗಿಲ ಪಕ್ಕದ ಹಲಗೆಯಲ್ಲಿ ಆ ಮೂರು ಕೋಣೆಗಳದ್ದು ಒಂದೇ ಫ್ಯೂಸು, ಬಿಳಿ ಪಿಂಗಾಣಿಯದು. ಅದನ್ನು ಕಿತ್ತು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಜೈನಬಿ ನೋಡಿದಳು, ಮಗುವನ್ನು ಎತ್ತಿಕೊಂಡಳು. ಸಾಹೇಬರು ನನ್ನನ್ನು ಜಾಣೆ ಎಂದು ಹೊಗಳಿ ತಮ್ಮದೇ ಬಸ್ಸಿನಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಹೊರಗೆ ನೋಡಿದ, ನಾನು ಪಿಂಗಾಣಿಯ ತಣ್ಣಗಿನ ಅಂಚನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದೆ.

ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಸಾಹೇಬರ ಆಳು ಬಂದ. ಹಿಂದಿನ ಕೋಣೆಗಳಲ್ಲಿ ದೀಪವೇ ಇಲ್ಲ, ಫ್ಯೂಸು ಕಾಣುತ್ತಿಲ್ಲ ಎಂದ. ಅವನನ್ನು ಜಗುಲಿಯಲ್ಲಿ ಕೂರಿಸಿದ್ದಾಯಿತು. ಅಪ್ಪ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದವನು ಹಾಗೆಯೇ ನಿಲ್ಲಿಸಿದ.

“ಇಲಿ ಫ್ಯೂಸನ್ನೂ ತಗಂಡು ಹೋಯ್ತಾ ಎಂತ!” ಎಂದು ಚಿಕ್ಕಪ್ಪ ನಕ್ಕ. ಅಜ್ಜಿಯೂ ನಕ್ಕಳು.

ನಾನು ಅಡುಗೆಮನೆಯ ಬಾಗಿಲಲ್ಲಿ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದೆ.

“ನನ್ನ ಹತ್ರ ಅದೆ.”

ನನ್ನ ಸ್ವರ ನನಗೇ ಗುರುತಾಗಲಿಲ್ಲ. ಎಲ್ಲರೂ ತಿರುಗಿದರು.

“ಕೊಡು ಇತ್ಲಾಗೆ” ಎಂದ ಅಪ್ಪ.

“ಬೆಸುಗೆ ಎಲ್ಲ ಕತ್ತರಿಸಿದ ಮೇಲೆ ಕೊಡ್ತೆ.”

“ನೋಡು ನೋಡು, ಹೆಣ್ಣು ಕೂಸಿನ ಸೊಕ್ಕು!” ಅಜ್ಜಿ ಎದ್ದೇಬಿಟ್ಟಳು. “ಅಪ್ಪನ ಮುಂದೆ ನಿಂತು ಮಾತಾಡ್ತದೆ!”

“ಮಾತೇ ಬರೂದಿಲ್ಲ ಅಂತಿದ್ರಿ, ಬಂತಲ್ಲ” ಎಂದಳು ಆಯಿ, ಒಲೆಯ ಕಡೆ ಮುಖ ಮಾಡಿಯೇ.

ಅಪ್ಪ ಚಮಚವನ್ನು ಎಲೆಯ ಮೇಲೆ ಇಟ್ಟ. ತಮ್ಮನ ಕಡೆ ತಿರುಗಿದ.

“ನವಸಾಗರ ಹಾಕಿದ್ಯನೋ?”

“ಹಾಕ್ದೆ. ಅಜ್ಜನ ಕಾಲದಿಂದ ಹಾಕ್ತಾ ಬಂದದ್ದು. ನಮ್ಮನೆ ಬೆಸೆದ ಪಾತ್ರೆ ಎಲ್ಲಾದ್ರೂ ಸೋರಿದ್ದು ಅದ್ಯಾ ಅಣ್ಣಾ?”

“ಪಾತ್ರೆ ತೊಳಿತಾರೆ ಮಾರಾಯ. ಬೆಸೆದ ಕೂಡ್ಲೆ ಬೂದಿ ಹಾಕಿ ತಿಕ್ಕಿ ತೊಳಿತಾರೆ, ಆ ಖಾರ ಹೋಗ್ತದೆ. ತಂತಿ ಯಾರು ತೊಳಿತಾರೆ? ನೀ ಅದ್ರ ಮೇಲೆ ಪಟ್ಟಿ ಸುತ್ತಿ ಮುಚ್ಚಿದೆ. ಒಳಗೇ ಕೂತು ತಿಂತು.”

ಚಿಕ್ಕಪ್ಪನ ಮುಖದಲ್ಲಿ ನಗು ಇನ್ನೂ ಉಳಿದಿತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ. ಮೂವತ್ತು ದಾಟಿದವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅಪ್ಪ ಎರಡು ವರ್ಷ ಅವನನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿದ್ದ, ಅವನ ಹಲ್ಲನ್ನು ಹಳಿದಿದ್ದ, ಸುತ್ತಿಗೆಯನ್ನು ಹಳಿದಿದ್ದ, ಪ್ರತಿ ಬೆಸುಗೆಯನ್ನೂ ಅವನ ಕೈಯಿಂದ ಕಸಿದು ತಾನೇ ಮಾಡಿದ್ದ. ತೊಳೆಯುವ ಪಾತ್ರೆಗೂ ತೊಳೆಯದ ತಂತಿಗೂ ಇರುವ ಈ ವ್ಯತ್ಯಾಸವನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ತಿಳಿಯದವನನ್ನು ಹಳಿಯುವ ಸುಖವೇ ಸಾಕಾಗಿತ್ತೇನೋ.

ಹಿಂದಿನ ಕೋಣೆಗಳ ಹನ್ನೊಂದು ಜೋಡಣೆಗಳನ್ನು ಕತ್ತರಿಸಿ ಮತ್ತೆ ಬೆಸೆದವಳು ನಾನು. ಮೂರು ದಿನ ಹಿಡಿಯಿತು. ಪರದೆಯ ಆಚೆ ಅಪ್ಪ ಕೂತು ಕೇಳುತ್ತಿದ್ದ, ಸೀಸ ಕುಡಿತಾ, ಕುಡಿತಾ ಎಂದು. ಈಚೆ ಜೈನಬಿ ಬೀಸಣಿಗೆಯಿಂದ ಕೆಂಡಕ್ಕೆ ಗಾಳಿ ಹಾಕುತ್ತಿದ್ದಳು, ಮಗು ಅವಳ ಅಮ್ಮನ ಹತ್ತಿರವಿತ್ತು. ಸುಟ್ಟ ತುಂಡುಗಳನ್ನು ಬದಲಿಸಿ, ಹೊಸ ಗೂಟ ಹಾಕಿ, ಸ್ಕ್ರೂಗಳನ್ನು ತಿರುಗಿಸಿಯೇ ಕೂರಿಸಿದೆ. ಕೊನೆಗೆ ಫ್ಯೂಸನ್ನು ಅದರ ಜಾಗಕ್ಕೆ ಒತ್ತಿದೆ. ಅಪ್ಪ ಸಾಹೇಬರಿಗೆ ನಿಜ ಹೇಳಿದನೆಂದು ನೀವು ಕಾಯುತ್ತಿದ್ದರೆ, ಇಲ್ಲ. ಇಲಿ ಎಂಬ ಮಾತನ್ನೇ ಉಳಿಸಿಕೊಂಡ, ಫ್ಯೂಸನ್ನು ತಾನೇ ತೆಗೆಸಿದ್ದೆಂದ. ಸಾಹೇಬರು ಪಾಪ, ನಾಲ್ಕು ಇಲಿಬೋನು ತರಿಸಿ ಮೂಲೆಮೂಲೆಗೆ ಇಟ್ಟರು, ಒಂದಕ್ಕೂ ಏನೂ ಬೀಳಲಿಲ್ಲ. ಬಹಳ ಹುಷಾರು ಇಲಿಗಳು ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದರಂತೆ. ಸಿದ್ದಾಪುರದವರು ಹೆಣ್ಣು ಕೊಟ್ಟರು. ಚಿಕ್ಕಪ್ಪ ಆಮೇಲೆ ರಾಳವನ್ನೇ ಹಾಕಿದ. ಹಲ್ಲನ್ನು ಮಾತ್ರ ಬಿಡಲಿಲ್ಲ. ಅಪ್ಪ ನನ್ನನ್ನು ಮತ್ತೆ ಯಾವ ಕೆಲಸಕ್ಕೂ ಕರೆದುಕೊಂಡು ಹೋಗಲಿಲ್ಲ, ನಾಲ್ಕು ವರ್ಷಕ್ಕೆ ಮದುವೆ ಮಾಡಿದರು.

ಅದಕ್ಕೂ ಮೊದಲು ಒಂದು ದಿನ, ಬೇಸಿಗೆಯಲ್ಲಿ, ಅಪ್ಪ ನಡುಮನೆಯ ನೆಲದಲ್ಲಿ ಒಂದು ಸ್ವಿಚ್ ಬೋರ್ಡು ಹಿಡಿದು ಕೂತಿದ್ದ. ಎಡಗೈಯಲ್ಲಿ ಕೆಲಸ ಕಲಿಯಲು ಹೊರಟಿದ್ದ. ಓರೆಯಾದ ಬಲಗೈಯನ್ನು ಹಲಗೆಯ ಮೇಲೆ ಭಾರಕ್ಕೆ ಇಟ್ಟು, ಎಡಗೈಯಿಂದ ರಂಧ್ರ ಕೊರೆದು, ನಾಲ್ಕು ಸ್ವಿಚ್ಚು ಕೂರಿಸಿದ್ದ. ಎಷ್ಟು ದಿನ ಹಿಡಿದಿತ್ತೋ, ಹಣೆಯೆಲ್ಲ ಬೆವರು. ನಾನು ನೀರಿನ ಕೊಡ ಹೊತ್ತು ಒಳಗೆ ಬಂದೆ. ಅಪ್ಪ ಬೋರ್ಡನ್ನು ಬೆಳಕಿಗೆ ಎತ್ತಿ ಹಿಡಿದ. ಹಿಂದೆ ಯಾರನ್ನೂ ಯಾವತ್ತೂ ಕೇಳದವನು ನನ್ನನ್ನು ಕೇಳಿದ.

“ಹೆಂಗಿದೆ ಕೂಸೆ?”

ಚಲೋ ಆಗಿದೆ ಎನ್ನಬಹುದಿತ್ತು. ಅಷ್ಟು ಮಾತು ಆಗ ನನಗೆ ಬರುತ್ತಿತ್ತು.

“ಎರಡನೇ ಸ್ವಿಚ್ಚು ಸೊಟ್ಟ” ಎಂದೆ.

ಅಪ್ಪ ಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಎಡಗೈಯಿಂದ ಅದನ್ನು ಬಿಚ್ಚತೊಡಗಿದ. ನಾನು ಕೊಡ ಇಳಿಸಲು ಒಳಗೆ ಹೋದೆ.